ಘಾಟಿ ಇಳಿದು ದುಡಿಯುವವರ ಮೂತ್ರಪಿಂಡ



ಸಕ್ಕರೆ ಕಾಯಿಲೆ ಇದ್ದವರಿಗೆ, ರಕ್ತದೊತ್ತಡ ಇದ್ದವರಿಗೆ ವರ್ಷಗಳು ಕಳೆದಂತೆ ಮೂತ್ರಪಿಂಡ ಕೆಡಬಹುದು ಎಂಬುದು ಈಗ ಜೀರಹಳ್ಳಿ, ತಾಳವಾಡಿ ಸುತ್ತಿನ ಊರುಗಳಲ್ಲೂ ತಿಳಿದ ಮಾತು. ನರ್ಸಮ್ಮನವರು ಮನೆಗೆ ಬಂದಾಗಲೆಲ್ಲ ಇದನ್ನು ಹೇಳುತ್ತಾರೆ. ಆದರೆ ಸಕ್ಕರೆಯೂ ಇಲ್ಲದ, ಬಿ.ಪಿ.ಯೂ ಇಲ್ಲದ, ಮೂವತ್ತು ನಲವತ್ತು ವರ್ಷದ ಗಟ್ಟಿಮುಟ್ಟಾದ ಆಳಿಗೆ "ಎರಡು ಕಿಡ್ನಿಯೂ ಹೋಗಿದೆ" ಎಂದು ವೈದ್ಯರು ಹೇಳಿದರೆ ನಾವು ಏನೆನ್ನುತ್ತೇವೆ? ಹಣೆಬರಹ ಎನ್ನುತ್ತೇವೆ. ಇಲ್ಲವೇ ಗುಟ್ಟಾಗಿ ಕುಡಿಯುತ್ತಿದ್ದನೇನೋ ಎಂದು ಅನುಮಾನಪಟ್ಟು, ಸಂಕಟದಲ್ಲಿರುವ ಮನೆಯವರನ್ನು ಇನ್ನಷ್ಟು ನೋಯಿಸುತ್ತೇವೆ.

ಹಣೆಬರಹವೂ ಅಲ್ಲ, ಕುಡಿತವೂ ಅಲ್ಲದ ಒಂದು ಮೂತ್ರಪಿಂಡದ ಕಾಯಿಲೆ ಉಂಟು. ಅದು ಬರುವುದು ಹೆಚ್ಚಾಗಿ ಹೊಲದಲ್ಲಿ, ತೋಟದಲ್ಲಿ, ಉರಿಬಿಸಿಲಿನಲ್ಲಿ ಮೈಮುರಿದು ದುಡಿಯುವವರಿಗೆ. ನಮ್ಮಲ್ಲಿ ಅನೇಕರು ಕೂಲಿಗೆ ಹೋಗುವವರು, ಕೆಲವರು ಕೂಲಿಯವರನ್ನು ಕರೆಯುವವರು, ಬಹಳ ಮಂದಿ ಎರಡೂ ಹೌದು. ಆದ್ದರಿಂದ ಈ ಸಲ ಬೆಳೆ ರೋಗದ ಮಾತನ್ನು ಬದಿಗಿಟ್ಟು ಬೆಳೆಯುವವರ ರೋಗದ ಮಾತನ್ನು ಎತ್ತಿಕೊಂಡಿದ್ದೇವೆ.

ಸೋಸುವ ಯಂತ್ರ

ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡು ಪಕ್ಕದಲ್ಲೂ ಅವರೆಕಾಳಿನ ಆಕಾರದ, ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಿವೆ. ಇವು ಹಗಲಿರುಳೂ ರಕ್ತವನ್ನು ಸೋಸುತ್ತವೆ. ದಿನವೊಂದಕ್ಕೆ ಸೋಸಿ ಇಳಿಸುವ ನೀರು ಸುಮಾರು 180 ಲೀಟರ್ ಎಂದರೆ ನಂಬುವುದೇ ಕಷ್ಟ! ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೇ ಮರಳಿಸಿ, ಕಸವನ್ನೆಲ್ಲ ಒಂದೂವರೆ ಲೀಟರಿನಷ್ಟು ಮೂತ್ರದಲ್ಲಿ ಹೊರಹಾಕುತ್ತವೆ. ಹೀಗೆ ಹೊರಹೋಗಬೇಕಾದ ಕಸಗಳಲ್ಲಿ ಒಂದರ ಹೆಸರು ಕ್ರಿಯಾಟಿನಿನ್. ಸೋಸುವಿಕೆ ಕುಂದಿದರೆ ಅದು ರಕ್ತದಲ್ಲಿ ಉಳಿದುಬಿಡುತ್ತದೆ. ಈ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದರ ಕೆಲಸವಿದೆ.

ಮೂತ್ರಪಿಂಡದ ಸ್ವಭಾವವೇ ವಿಚಿತ್ರ. ಹಲ್ಲು ಹುಳುಕಾದರೆ ನೋಯುತ್ತದೆ, ಕಾಲಿಗೆ ಮುಳ್ಳು ಚುಚ್ಚಿದರೆ ಹೆಜ್ಜೆ ಇಡಲಾಗದು. ಮೂತ್ರಪಿಂಡ ಮಾತ್ರ ಅರ್ಧ ಸೊರಗಿದರೂ ಚಕಾರವೆತ್ತದೆ ಉಳಿದರ್ಧದಲ್ಲೇ ಸಂಸಾರ ತೂಗಿಸುತ್ತದೆ. ಮುಖ ಊದುವುದು, ಊಟ ಸೇರದಿರುವುದು, ವಾಕರಿಕೆ, ಏದುಸಿರು ಇವೆಲ್ಲ ಕಾಣಿಸುವ ಹೊತ್ತಿಗೆ ಬಹುತೇಕ ಎಲ್ಲವೂ ಮುಗಿದಿರುತ್ತದೆ.

ಮೊದಲು ಕಂಡದ್ದು ಕಬ್ಬಿನ ಗದ್ದೆಯಲ್ಲಿ

ಭೂಮಿಯ ಆ ಬದಿಯಲ್ಲಿ, ಮಧ್ಯ ಅಮೆರಿಕದಲ್ಲಿ, ಎಲ್ ಸಾಲ್ವಡೋರ್ ಎಂಬ ಪುಟ್ಟ ದೇಶವಿದೆ. ಅಲ್ಲಿನ ರಾಜಧಾನಿಯ ಆಸ್ಪತ್ರೆಗೆ ಮೂತ್ರಪಿಂಡ ಪೂರ್ತಿ ಕೆಟ್ಟು ಬರುತ್ತಿದ್ದವರನ್ನು ಲೆಕ್ಕಹಾಕಿದ ವೈದ್ಯರು 2002ರಲ್ಲಿ ಒಂದು ವರದಿ ಬರೆದರು. ಹಾಗೆ ಬಂದವರಲ್ಲಿ ಸುಮಾರು ಮೂರನೇ ಎರಡು ಪಾಲು ಜನರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ತಿಳಿದ ಕಾರಣ ಯಾವುದೂ ಇರಲಿಲ್ಲ. ಬಹುತೇಕ ಗಂಡಸರು, ಕರಾವಳಿಯ ಬಯಲಿನವರು, ಬೇಸಾಯದ ಕೆಲಸದವರು. ಪಕ್ಕದ ನಿಕರಾಗುವಾ ದೇಶದಲ್ಲೂ ಕಬ್ಬು ಕಡಿಯುವವರಲ್ಲಿ ಇದೇ ಕತೆ. ಅಲ್ಲಿ ಚಿಚಿಗಲ್ಪಾ ಎಂಬ ಪಟ್ಟಣದ ಹತ್ತಿರದ 'ದ್ವೀಪ' ಎಂಬ ಹೆಸರಿನ ಊರಿನಲ್ಲಿ ಗಂಡಸರು ಒಬ್ಬರ ಹಿಂದೊಬ್ಬರು ಸತ್ತು, ಊರಿಗೆ 'ವಿಧವೆಯರ ದ್ವೀಪ' ಎಂದೇ ಹೆಸರು ಬಿತ್ತು.

ಇಷ್ಟು ದೂರವೇಕೆ ಹೋಗಬೇಕು, ನಮ್ಮ ನೆರೆಯಲ್ಲೇ ಇದೆ. ಶ್ರೀಲಂಕಾದ ಅನುರಾಧಪುರ, ಪೊಲನ್ನರುವ ಕಡೆಯ ಭತ್ತದ ರೈತರಲ್ಲಿ 1990ರ ದಶಕದಿಂದ ಈ ಕಾಯಿಲೆ ಕಾಣಿಸಿಕೊಂಡಿತು. ಅದೇ ಕಾಲದಲ್ಲಿ ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಎಂಬ ಸೀಮೆಯಲ್ಲೂ ಬೆಳಕಿಗೆ ಬಂತು. ಉದ್ದಾನಂ ಎಂದರೆ ಉದ್ಯಾನ ಎಂದೇ ಅರ್ಥ. ತೆಂಗು, ಗೇರು, ಹಲಸಿನ ತೋಟಗಳಿಂದ ತುಂಬಿದ ಹಸಿರು ನಾಡು. ಆ ಹಸಿರಿನ ನಡುವೆ ಕವಿಟಿ, ಸೋಂಪೇಟ, ಇಚ್ಛಾಪುರಂ, ಪಲಾಸ, ವಜ್ರಪುಕೊತ್ತೂರು ಮುಂತಾದ ಏಳು ಮಂಡಲಗಳಲ್ಲಿ ಮನೆಮನೆಯಲ್ಲೂ ಕಿಡ್ನಿ ರೋಗಿಗಳು. 2019ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಪರೀಕ್ಷೆಗೆ ಒಳಗಾದವರ ಪೈಕಿ ನೂರಕ್ಕೆ ಸುಮಾರು 18 ಮಂದಿಗೆ ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಕಂಡಿತು. ಅವರಲ್ಲಿ ಹೆಚ್ಚಿನವರಿಗೆ ಕಾರಣ ಗೊತ್ತಾಗದ ಬಗೆಯದು. ಕೊನೆಗೆ ಅಲ್ಲಿನ ಸರ್ಕಾರ ನೂರಾರು ಕೋಟಿ ರೂಪಾಯಿ ಖರ್ಚು ಮಾಡಿ ಜಲಾಶಯದ ನೀರನ್ನು ಕೊಳವೆಯಲ್ಲಿ ಊರುಗಳಿಗೆ ತಂದಿತು. ಪಲಾಸದಲ್ಲಿ 200 ಹಾಸಿಗೆಯ ಆಸ್ಪತ್ರೆಯನ್ನೂ ಕಿಡ್ನಿ ಸಂಶೋಧನಾ ಕೇಂದ್ರವನ್ನೂ ಕಟ್ಟಿಸಿತು. 2023ರ ಡಿಸೆಂಬರಿನಲ್ಲಿ ಇವು ಆರಂಭವಾದವು. ಕಾಯಿಲೆ ಕಾಣಿಸಿಕೊಂಡು ಎರಡು ದಶಕ ಕಳೆದ ಮೇಲೆ ಎಂಬುದನ್ನು ಗಮನಿಸಿ.

ಇನ್ನು ನಮ್ಮ ತಮಿಳುನಾಡಿನ ಮಾತು. ಚೆನ್ನೈನ ಸರ್ಕಾರಿ ವೈದ್ಯರು 2023ರಲ್ಲಿ ರಾಜ್ಯದ ಬೇರೆ ಬೇರೆ ಬೇಸಾಯ ವಲಯಗಳ ಹಳ್ಳಿಗಳಿಗೆ ಹೋಗಿ ಮೂರು ಸಾವಿರಕ್ಕೂ ಹೆಚ್ಚು ಕೃಷಿ ಕೆಲಸಗಾರರ ರಕ್ತ, ಮೂತ್ರ ಪರೀಕ್ಷಿಸಿದರು. ಇಪ್ಪತ್ತರಲ್ಲಿ ಒಬ್ಬರಿಗೆ ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಇತ್ತು. ಅವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ಸಕ್ಕರೆ, ಬಿ.ಪಿ. ಮುಂತಾದ ಯಾವ ಕಾರಣವೂ ಇರಲಿಲ್ಲ. ಇನ್ನೊಂದು ಸಂಗತಿ ನಮಗೆ ಇದಕ್ಕಿಂತ ಮುಖ್ಯವಾಗಿ ಕಂಡಿತು. ಮೊದಲ ಸಲದ ಪರೀಕ್ಷೆಯಲ್ಲಿ ಮೂತ್ರಪಿಂಡ ಕುಂದಿದಂತೆ ಕಂಡವರು ಇದರ ಮೂರು ಪಾಲಿಗೂ ಹೆಚ್ಚು. ಮೂರು ತಿಂಗಳ ಮೇಲೆ ನೋಡಿದಾಗ ಅನೇಕರದು ಸರಿಹೋಗಿತ್ತು. ಅಂದರೆ ಏಟು ಬಿದ್ದವರು ಬಹಳ ಮಂದಿ, ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಇಂಥ ಏಟು ಪ್ರತಿ ಬೇಸಿಗೆಯಲ್ಲೂ ಬೀಳುತ್ತಲೇ ಇದ್ದರೆ ಎಷ್ಟು ವರ್ಷ ಚೇತರಿಸಿಕೊಂಡಾರು?

ಬೆಟ್ಟದ ತಂಪು, ಬಯಲಿನ ಬಿಸಿಲು

ಈ ಕಾಯಿಲೆಗೆ ಕಾರಣವೇನು ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಬಿಸಿಲು ಮತ್ತು ನೀರಿನ ಕೊರತೆ ಎನ್ನುವವರಿದ್ದಾರೆ, ಕಳೆನಾಶಕ ಕೀಟನಾಶಕ ಎನ್ನುವವರಿದ್ದಾರೆ, ಬಾವಿ ನೀರಿನ ಸಿಲಿಕಾ, ಫ್ಲೋರೈಡ್, ಕ್ಯಾಡ್ಮಿಯಂ ಎನ್ನುವವರಿದ್ದಾರೆ. ಊರಿಂದೂರಿಗೆ ಕಾರಣಗಳು ಬೆರೆತಿರಲೂಬಹುದು. ಶ್ರೀಲಂಕಾ ಸರ್ಕಾರ 2015ರಲ್ಲಿ ಗ್ಲೈಫೋಸೇಟ್ ಕಳೆನಾಶಕವನ್ನೇ ನಿಷೇಧಿಸಿ, ಆಮೇಲೆ ನಿಷೇಧವನ್ನು ಸಡಿಲಿಸಿತು. ಈ ವಾದಗಳ ನಡುವೆ ನಮ್ಮಂಥ ಬೆಟ್ಟದ ಜನ ಗಮನವಿಟ್ಟು ಓದಬೇಕಾದ ಒಂದು ಅಧ್ಯಯನವಿದೆ.

ಎಲ್ ಸಾಲ್ವಡೋರಿನಲ್ಲಿ ಸಂಶೋಧಕರು ಐದು ಊರುಗಳ ಜನರ ರಕ್ತ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಊರು ಸಮುದ್ರಮಟ್ಟದ ಕಬ್ಬಿನ ಬಯಲು, ಒಂದು ಸುಮಾರು 500 ಮೀಟರ್ ಎತ್ತರದ ಕಬ್ಬಿನ ಊರು, ಒಂದು ಇನ್ನೂ ಎತ್ತರದ ಕಾಫಿ ಬೆಟ್ಟ, ಒಂದು ಪಟ್ಟಣ. ಬಯಲಿನ ಕಬ್ಬಿನ ಊರುಗಳ ಗಂಡಸರಲ್ಲಿ ಕಾಯಿಲೆ ಧಾರಾಳವಾಗಿತ್ತು. ಎತ್ತರದ ಊರಿನಲ್ಲಿ, ಅದೇ ಕಬ್ಬಿನ ಕೆಲಸ ಮಾಡುವವರಲ್ಲಿ, ತೀರ ಕಡಿಮೆ. ಕಾಫಿ ಬೆಟ್ಟದಲ್ಲೂ ಕಡಿಮೆ. ಬೆಳೆ ಒಂದೇ, ಮಚ್ಚು ಒಂದೇ, ಬದಲಾದದ್ದು ಎತ್ತರ ಮತ್ತು ಸೆಕೆ. ಶ್ರೀಲಂಕಾದಲ್ಲೂ ಹಾಗೆಯೇ. ಕಾಯಿಲೆಯ ನೆಲೆ ಚಹಾ ತೋಟಗಳ ತಂಪು ಬೆಟ್ಟವಲ್ಲ, ಒಣ ಬಯಲು. ಬಿಸಿಲಿನ ಪಾತ್ರ ದೊಡ್ಡದು ಎಂದು ನಾವು ನಂಬುವುದಕ್ಕೆ ಇದೇ ಮುಖ್ಯ ಆಧಾರ.

ಹಾಗಾದರೆ ಎತ್ತರದಲ್ಲಿರುವ ನಮಗೆ ಭಯವಿಲ್ಲವಲ್ಲ ಎಂದು ವಾಚಕರು ಹೇಳಬಹುದು. ಊರಲ್ಲೇ ಇದ್ದು ಎಲೆಕೋಸು, ಆಲೂಗಡ್ಡೆ, ರಾಗಿ ಮಾಡಿಕೊಂಡಿರುವವರ ಮಟ್ಟಿಗೆ ಈ ಮಾತಿನಲ್ಲಿ ತಕ್ಕಮಟ್ಟಿನ ಸತ್ಯವಿದೆ. ಆದರೆ ನಮ್ಮ ಬೆಟ್ಟದ ಆಳುಗಳು ಊರಲ್ಲೇ ಇರುತ್ತಾರೆಯೇ? ಮಳೆ ಕೈಕೊಟ್ಟು, ಆನೆ ಹೊಕ್ಕು, ಬೆಲೆ ಬಿದ್ದು ಕೈ ಬರಿದಾದಾಗ ಮೇಸ್ತ್ರಿಯ ಮುಂಗಡ ಹಿಡಿದು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುತ್ತಾರೆ. ಸತ್ಯಮಂಗಲ, ಭವಾನಿ ಬಯಲಿನಲ್ಲಿ ಕಬ್ಬು ಕಡಿಯುತ್ತಾರೆ. ಈಚೆಗೆ ನಂಜನಗೂಡು ಕಡೆಗೂ, ಶುಂಠಿ ಹೊಲಗಳಿಗೂ ಹೋಗುತ್ತಾರೆ. ಕೊಡಗಿನ ಕಾಫಿ ತೋಟಕ್ಕೆ ಹೋದವರಿಗೆ ಮರದ ನೆರಳಾದರೂ ಉಂಟು. ಕಬ್ಬಿನ ಗದ್ದೆಯಲ್ಲಿ ನೆರಳೆಲ್ಲಿ? 2024ರ ಏಪ್ರಿಲ್, ಮೇ ತಿಂಗಳಲ್ಲಿ ಈರೋಡಿನ ಬಿಸಿಲು 42 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ತಂಪಿನಲ್ಲಿ ಬೆಳೆದ ಮೈ, ಬಸ್ಸಿನಲ್ಲಿ ಎರಡು ಮೂರು ಗಂಟೆಯ ದಾರಿ, ಮರುದಿನ ಬೆಳಗ್ಗೆ ಆ ಕುಲುಮೆಯೊಳಗೆ!

ಮೈ ಸೆಕೆಗೆ ಒಗ್ಗಿಕೊಳ್ಳುವುದಕ್ಕೆ ಒಂದರಿಂದ ಎರಡು ವಾರ ಬೇಕು ಎಂಬುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಹೊಸಬರಿಗೆ ಹೇಳುವುದೇನೆಂದರೆ, ಮೊದಲ ದಿನ ಬಿಸಿಲಿನಲ್ಲಿ ದುಡಿಯುವ ಹೊತ್ತು ಐದರಲ್ಲಿ ಒಂದು ಪಾಲು ಸಾಕು, ಆಮೇಲೆ ದಿನಕ್ಕೊಂದು ಪಾಲು ಏರಿಸುತ್ತ ಹೋಗಬೇಕು. ಟನ್ ಲೆಕ್ಕದ ಕೂಲಿಯಲ್ಲಿ ಇದನ್ನು ಯಾರು ಪಾಲಿಸುತ್ತಾರೆ? ಮುಂಗಡ ತೀರಿಸುವ ಅವಸರದಲ್ಲಿ ಮೊದಲ ದಿನವೇ ಹೆಚ್ಚು ಕಡಿಯುತ್ತಾರೆ. ತಪ್ಪು ಆಳಿನದಲ್ಲ, ಕೂಲಿ ಕಟ್ಟುವ ರೀತಿಯದು ಎಂಬುದು ನಮ್ಮ ಅಭಿಪ್ರಾಯ.

ಬಿಸಿಲು ಮೂತ್ರಪಿಂಡವನ್ನು ಹೇಗೆ ಕೆಡಿಸುತ್ತದೆ? ನೀರು ಹಾಯಿಸಿ ಗೊತ್ತಿರುವ ರೈತನಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಉರಿಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವಾಗ ಮೈಯನ್ನು ತಣಿಸಲು ಚರ್ಮಕ್ಕೂ, ಕೆಲಸ ಮಾಡಲು ಸ್ನಾಯುಗಳಿಗೂ ರಕ್ತ ಹೆಚ್ಚು ಹರಿಯಬೇಕು. ಬೆವರಿನಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೊರಟುಹೋಗುತ್ತದೆ. ಕಾಲುವೆಯಲ್ಲಿ ನೀರು ಇಳಿದಾಗ ಮೇಲಿನ ಗದ್ದೆಯವರು ತಿರುಗಿಸಿಕೊಂಡರೆ ಕೊನೆಯ ಗದ್ದೆ ಒಣಗುತ್ತದಲ್ಲವೇ? ಮೂತ್ರಪಿಂಡದ ಪಾಡು ಅದೇ. ಇದರ ಮೇಲೆ, ಅತಿಯಾಗಿ ದಣಿದ ಸ್ನಾಯುಗಳು ಚೂರುಚೂರಾಗಿ ಸವೆದು ಆ ಕಸವೂ ರಕ್ತಕ್ಕೆ ಸೇರುತ್ತದೆ. ಯೂರಿಕ್ ಆಮ್ಲ ಏರುತ್ತದೆ. ನೀರು ಕಡಿಮೆ, ಕಸ ಹೆಚ್ಚು. ಒಂದು ದಿನದ್ದಾದರೆ ರಾತ್ರಿ ನೀರು ಕುಡಿದು ಮಲಗಿದರೆ ಸರಿಹೋದೀತು. ತಿಂಗಳುಗಟ್ಟಲೆ ದಿನದಿನವೂ ಹೀಗಾದರೆ ಒಳಗಿನ ಸೂಕ್ಷ್ಮ ನಾಳಗಳು ಗಾಯಗೊಂಡು, ಗಾಯ ಮಾಯ್ದ ಕಡೆ ಕಲೆಗಟ್ಟುತ್ತದೆ. ಕಲೆಗಟ್ಟಿದ ಜಾಗ ಮತ್ತೆ ಸೋಸುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂತ್ರ ಹಳದಿಗೆಟ್ಟು, ಹೋಗುವಾಗ ಉರಿಯುವುದು ಕಬ್ಬು ಕಡಿಯುವವರಿಗೆಲ್ಲ ಗೊತ್ತು. ಉರಿಮೂತ್ರವೆಂದು ಅಂಗಡಿಯಲ್ಲಿ ಮಾತ್ರೆ ಕೇಳುತ್ತಾರೆ. ಮಧ್ಯ ಅಮೆರಿಕದ ಕಬ್ಬಿನವರಲ್ಲೂ ಇದೇ ಉಪದ್ರವ, ಅದಕ್ಕೆ ಅವರ ಭಾಷೆಯಲ್ಲೂ ಪ್ರತ್ಯೇಕ ಹೆಸರಿದೆ. ಅಲ್ಲಿಯೂ ಸೋಂಕೆಂದು ತಿಳಿದು ಔಷಧಿ ನುಂಗುತ್ತಿದ್ದರು, ಪರೀಕ್ಷೆ ಮಾಡಿದರೆ ಅನೇಕರಲ್ಲಿ ಸೋಂಕೇ ಇರಲಿಲ್ಲ. ಮೂತ್ರಪಿಂಡ ಬಾಯಿಬಿಟ್ಟು ನೀರು ಕೇಳುವುದು ಹೀಗೆ, ಒಂದೇ ಒಂದು ಬಾರಿ.

ನೀರು, ನೆರಳು, ವಿಶ್ರಾಂತಿ

ಎಲ್ ಸಾಲ್ವಡೋರಿನ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ಕಡಿಯುವವರಲ್ಲಿ 2014–15ರ ಹಂಗಾಮಿನಲ್ಲಿ ಒಂದು ಪ್ರಯೋಗ ನಡೆಯಿತು. ಪ್ರತಿಯೊಬ್ಬರ ಬೆನ್ನಿಗೂ 3 ಲೀಟರ್ ನೀರಿನ ಚೀಲ ಕೊಟ್ಟರು. ಗದ್ದೆಯಲ್ಲೇ ಎತ್ತಿ ಇಡಬಹುದಾದ ಚಪ್ಪರದ ನೆರಳು ಒದಗಿಸಿದರು. ಆಗಾಗ್ಗೆ ಹತ್ತು ಹದಿನೈದು ನಿಮಿಷ ಕಡ್ಡಾಯವಾಗಿ ಕೂರಿಸಿದರು. ಕೈಗೆ ಒಗ್ಗುವ ಮಚ್ಚು ಕೊಟ್ಟು, ಕಡಿಯುವ ಕ್ರಮವನ್ನೂ ತುಸು ಬದಲಿಸಿದರು. ಮಾಲೀಕರಿಗೆ ನಷ್ಟವಾಯಿತೇ? ದಿನಕ್ಕೆ ತಲೆಗೆ ಸುಮಾರು 5 ಟನ್ ಕಡಿಯುತ್ತಿದ್ದವರು 7 ಟನ್ ಮೀರಿ ಕಡಿದರು! ತಲೆಸುತ್ತು, ಸೆಳೆತ, ಉರಿಮೂತ್ರದ ದೂರುಗಳೂ ತಗ್ಗಿದವು. ಮುಂದೆ ನಿಕರಾಗುವಾದ ಒಂದು ಕಾರ್ಖಾನೆಯಲ್ಲಿ ವಿಶ್ರಾಂತಿಯನ್ನೂ ನೆರಳನ್ನೂ ಹೆಚ್ಚಿಸಿದ ಹಂಗಾಮಿನಲ್ಲಿ ಕಡಿಯುವವರ ಮೂತ್ರಪಿಂಡಕ್ಕೆ ಬೀಳುವ ಏಟು ಕಡಿಮೆಯಾದದ್ದು ರಕ್ತಪರೀಕ್ಷೆಯಲ್ಲೇ ತಿಳಿಯಿತು.

ಕೂಲಿ ಕರೆಯುವ ವಾಚಕರು ಈ ಲೆಕ್ಕವನ್ನು ಎರಡು ಸಲ ಓದಬೇಕೆಂದು ನಮ್ಮ ಕೋರಿಕೆ. ದೊಡ್ಡ ತೋಟಗಳಲ್ಲಿ ಕುಡಿಯುವ ನೀರು, ಶೌಚಾಲಯ ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೇ ಬರೆದಿತ್ತು. ಎರಡೆಕರೆ ಮೂರೆಕರೆಯ ನಮ್ಮ ಹೊಲಕ್ಕೆ ಆ ಕಾಯಿದೆ ತಾಕದಿರಬಹುದು, ಬಾಯಾರಿಕೆಗೆ ಎಕರೆಯ ಲೆಕ್ಕವಿಲ್ಲ. ಹತ್ತು ಆಳಿಗೆ ಒಂದು ಕೊಡ ನೀರು ಬದುವಿನ ಆ ತುದಿಯಲ್ಲಿಟ್ಟರೆ ಸಾಲದು. ಎದ್ದು ಹೋಗಿ ಕುಡಿದು ಬಂದರೆ ಸಾಲು ಹಿಂದೆ ಬೀಳುತ್ತದೆ, ಯಜಮಾನರು ನೋಡುತ್ತಾರೆ ಎಂದು ಯಾರೂ ಏಳುವುದಿಲ್ಲ. ನೀರು ಅವರಿದ್ದಲ್ಲಿಗೆ ಹೋಗಬೇಕು. ಒಬ್ಬ ಹುಡುಗನನ್ನು ಇದಕ್ಕೇ ಇಟ್ಟುಕೊಂಡರೂ ನಷ್ಟವಿಲ್ಲ. ಚಪ್ಪರಕ್ಕೆ ನಾಲ್ಕು ಗಳ, ಒಂದು ಹಳೆಯ ಗೋಣಿತಾಟು ಸಾಕು.

ಎಷ್ಟು ಕುಡಿಯಬೇಕು? ಬಿಸಿಲಿನ ಕೆಲಸದಲ್ಲಿ ಪ್ರತಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಒಂದು ಲೋಟ, ಅಂದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್. ಬಾಯಾರುವವರೆಗೆ ಕಾಯಬಾರದು. ಒಂದೇ ಸಲ ಒಂದು ಚೆಂಬು ಗಟಗಟ ಕುಡಿಯುವುದಕ್ಕಿಂತ ಆಗಾಗ ಸ್ವಲ್ಪ ಸ್ವಲ್ಪ ಒಳ್ಳೆಯದು. ಗಂಟೆಗೆ ಒಂದೂವರೆ ಲೀಟರ್ ಮೀರಿಯೂ ಕುಡಿಯಬಾರದು, ರಕ್ತದ ಉಪ್ಪು ತೆಳುವಾಗಿ ಬೇರೆ ಅಪಾಯವಾಗುತ್ತದೆ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ನಮ್ಮ ಹಿರಿಯರ ರಾಗಿ ಅಂಬಲಿ, ಉಪ್ಪು ಹಾಕಿದ ನೀರು ಮಜ್ಜಿಗೆ, ಗಂಜಿ ತಿಳಿ ಇವನ್ನು ಮೀರಿಸುವ ಪಾನೀಯವಿಲ್ಲ. ತಲೆಸುತ್ತು, ಕಾಲುಸೆಳೆತ ಬಂದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಕೊಡಿ (ಚಹಾ ಚಮಚ, ತಲೆ ಮಟ್ಟ ಮಾಡಿದ್ದು). ಬಾಟಲಿಯ ಬಣ್ಣದ ಸಿಹಿ ಪಾನೀಯಗಳು ಬೇಡ. ನೀರು ಬತ್ತಿದ ಮೈಗೆ ಅಂಥ ಸಿಹಿನೀರನ್ನು ಕೊಟ್ಟರೆ ಮೂತ್ರಪಿಂಡ ಇನ್ನಷ್ಟು ಕೆಟ್ಟದ್ದನ್ನು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ. ಸಾರಾಯಿಯ ಮಾತು ಹೇಳಬೇಕಾಗಿಯೇ ಇಲ್ಲ, ಅದು ಮೈಯಲ್ಲಿರುವ ನೀರನ್ನೂ ಹೊರಕ್ಕೆ ತಳ್ಳುತ್ತದೆ.

ಹೆಣ್ಣುಮಕ್ಕಳ ಸಂಕಟ ಬೇರೆಯೇ. ಮೂತ್ರಕ್ಕೆ ಹೋಗಲು ಮರೆಯಿಲ್ಲವೆಂದು ಅವರು ಬೆಳಗಿನಿಂದಲೇ ನೀರು ಬಿಡುತ್ತಾರೆ. ತಮಿಳುನಾಡಿನ ಉಪ್ಪಿನ ಗದ್ದೆಗಳಲ್ಲಿ ದುಡಿಯುವವರ ಬಗ್ಗೆ ಚೆನ್ನೈನ ಸಂಶೋಧಕಿ ವಿದ್ಯಾ ವೇಣುಗೋಪಾಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಲ್ಲಿ ಶೌಚಾಲಯವಿಲ್ಲದ್ದೂ ಮೂತ್ರಪಿಂಡದ ತೊಂದರೆಗೆ ದಾರಿ ಎಂದು ಕಂಡುಬಂದಿದೆ. ಹೊಲದ ಮೂಲೆಯಲ್ಲಿ ತೆಂಗಿನ ಗರಿಯದೋ ಸೀರೆಯದೋ ಒಂದು ಮರೆ ಕಟ್ಟಿಕೊಡಲು ಅರ್ಧ ಗಂಟೆಯ ಕೆಲಸ. ಗಂಡಸರಿಗೆ ಇದು ಹೊಳೆಯುವುದೇ ಇಲ್ಲ, ಆದ್ದರಿಂದ ಹೇಳಬೇಕಾಯಿತು.

ಊರಲ್ಲೇ ಇರುವವರಿಗೂ ಒಂದೆರಡು ಮಾತು. ರಾತ್ರಿಯೆಲ್ಲ ಆನೆ ಕಾವಲು, ಹಗಲೆಲ್ಲ ಹೊಲ. ನಿದ್ದೆಗೆಟ್ಟ ಮೈಗೆ ನೋವು ಹೆಚ್ಚು, ನೋವಿಗೆ ಅಂಗಡಿಯ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕುಗ್ಗಿಸುತ್ತವೆ. ಬಿಸಿಲಿನಲ್ಲಿ ನೀರು ಬತ್ತಿದ ದಿನ ನುಂಗಿದರೆ ಹಾನಿ ದುಪ್ಪಟ್ಟು. ಕಬ್ಬು ಕಡಿಯಲು ಹೋದವರು ಬೆಳಗ್ಗೆ ಒಂದು, ಸಂಜೆ ಒಂದು ಎಂದು ಎಲೆಯಡಿಕೆಯಂತೆ ಇವನ್ನು ಬಳಸುವುದುಂಟು. ವೈದ್ಯರು ಬರೆದುಕೊಡದೆ ಬೇಡವೇ ಬೇಡ. ತಡೆಯಲಾಗದ ನೋವಿಗೆ ಹೇಳಿದ ಪ್ರಮಾಣದೊಳಗೆ ಪ್ಯಾರಾಸಿಟಮಾಲ್ ಮೂತ್ರಪಿಂಡದ ಮಟ್ಟಿಗೆ ವಾಸಿ. ಪಾದರಸ, ಸೀಸ ಬೆರೆತ ನಾಡಮದ್ದಿನ ಪುಡಿಗಳೂ ಅಪಾಯವೇ.

ಎಲೆಕೋಸು, ಟೊಮೆಟೊಗೆ ಔಷಧಿ ಹೊಡೆಯುವವರು ಮಟಮಟ ಮಧ್ಯಾಹ್ನ ಹೊಡೆಯಬಾರದು, ಬೆವರಿದ ಚರ್ಮ ವಿಷವನ್ನು ಬೇಗ ಹೀರುತ್ತದೆ. ಔಷಧಿಯ ಖಾಲಿ ಕ್ಯಾನಿನಲ್ಲಿ ಕುಡಿಯುವ ನೀರು ತುಂಬುವುದನ್ನು ಇಂದೇ ನಿಲ್ಲಿಸಿ. ಕಳೆನಾಶಕವನ್ನು ಸೋಡಾ ಬಾಟಲಿಗೆ ಬಗ್ಗಿಸಿ ಮನೆಯಲ್ಲಿಡಬೇಡಿ. ಪ್ಯಾರಾಕ್ವಾಟ್ ಒಂದು ಗುಟುಕು ಒಳಗೆ ಹೋದರೂ ಮೂತ್ರಪಿಂಡ, ಶ್ವಾಸಕೋಶ ಎರಡೂ ಹೋಗುತ್ತವೆ, ಅದಕ್ಕೆ ಪ್ರತಿಮದ್ದಿಲ್ಲ. ಕೊಳಕುಮಂಡಲ ಕಚ್ಚಿದರೆ ಮಂತ್ರ, ಕಲ್ಲು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಅದರ ವಿಷ ರಕ್ತವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಪರೀಕ್ಷೆಗೆ ಏನು ಕೇಳಬೇಕು?

ಈ ಲೇಖನದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. 2023ರಿಂದ ತಮಿಳುನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂತ್ರಕ್ಕೆ ಒಂದು ಪಟ್ಟಿ ಅದ್ದಿ ಮೂತ್ರಪಿಂಡದ ತೊಂದರೆಯನ್ನು ಮೊದಲೇ ಕಂಡುಹಿಡಿಯುವ ಕಾರ್ಯಕ್ರಮ ಆರಂಭವಾಯಿತು. ಒಳ್ಳೆಯ ಕೆಲಸ. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೆ ಪಟ್ಟಿಯ ಬಣ್ಣ ಬದಲಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಕೆಡುವ ಮೂತ್ರಪಿಂಡದಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಸೋರುತ್ತದೆ. ಬಿಸಿಲಿನಲ್ಲಿ ದುಡಿಯುವವರ ಈ ಕಾಯಿಲೆಯಲ್ಲಿ ಮಾತ್ರ ಬಹಳ ಸಲ ಸೋರುವುದೇ ಇಲ್ಲ, ಇಲ್ಲವೇ ತೀರ ಸ್ವಲ್ಪ. ಪಟ್ಟಿ ಸರಿಯಾಗಿದೆ, ಬಿ.ಪಿ. ಸರಿಯಾಗಿದೆ, ಸಕ್ಕರೆ ಇಲ್ಲ, ಹೋಗಿ ಬನ್ನಿ ಎಂದು ಕಳಿಸಿದರೆ ಕಾಯಿಲೆ ನಮ್ಮ ಜೊತೆಯಲ್ಲೇ ಮನೆಗೆ ಬರುತ್ತದೆ. ಆದ್ದರಿಂದ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು. ನಮ್ಮ ಚೀಟಿಗಳು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ, ಓದಲು ತೊಡಕು. ಕ್ರಿಯಾಟಿನಿನ್ ಎಂಬ ಹೆಸರು ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ, ಬಾಯಲ್ಲಿ ಕೇಳಿದರೆ ಸಾಕು.

ಘಾಟಿ ಇಳಿದು ದುಡಿಯಲು ಹೋಗುವವರು ಹೋಗುವ ಮುನ್ನ ಒಂದು ಸಲ, ಹಂಗಾಮು ಮುಗಿಸಿ ಬಂದು ಒಂದೆರಡು ವಾರ ಸುಧಾರಿಸಿಕೊಂಡ ಮೇಲೆ ಒಂದು ಸಲ ಮಾಡಿಸಿ, ಎರಡು ಚೀಟಿಯನ್ನೂ ರೇಷನ್ ಕಾರ್ಡಿನ ಜೊತೆ ಇಡಿ. ಗಂಡಸರಲ್ಲಿ ಸಾಮಾನ್ಯವಾಗಿ 0.7ರಿಂದ 1.3, ಹೆಂಗಸರಲ್ಲಿ 0.6ರಿಂದ 1.1ರವರೆಗೆ ಸರಿ ಎನ್ನುತ್ತಾರೆ. ಆದರೆ ಸಣಕಲು ಮೈಯವರಲ್ಲಿ ಸ್ನಾಯು ಕಡಿಮೆ ಇರುವುದರಿಂದ ಈ ಅಂಕಿ ಸಹಜವಾಗಿಯೇ ಕಡಿಮೆ ಇರುತ್ತದೆ. ಕಳೆದ ವರ್ಷ 0.7 ಇದ್ದ ತೆಳ್ಳಗಿನ ಹೆಂಗಸಿಗೆ ಈ ವರ್ಷ 1.1 ಬಂದರೆ ಚೀಟಿಯಲ್ಲಿ ಸರಿ ಎಂದೇ ಬರೆದಿರುತ್ತದೆ, ಒಳಗೆ ಸರಿಯಿರುವುದಿಲ್ಲ. ಹಳೆಯ ಚೀಟಿ ಇದ್ದರೆ ಮಾತ್ರ ವೈದ್ಯರಿಗೆ ಇದು ಗೊತ್ತಾಗುತ್ತದೆ. ಅಂಕಿ ಏರಿದ್ದರೆ ಮೂರು ತಿಂಗಳಲ್ಲಿ ಮತ್ತೆ ಪರೀಕ್ಷಿಸಬೇಕು. ಆ ಮೂರು ತಿಂಗಳು ಬಿಸಿಲಿನ ಕಷ್ಟದ ಕೆಲಸವೂ ನೋವಿನ ಮಾತ್ರೆಯೂ ಕೂಡದು.

ಕಾಯಿಲೆ ಇದೆ ಎಂದು ತಿಳಿದವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಒಳ್ಳೆಯ ಮೂತ್ರಪಿಂಡಕ್ಕೆ ಒಳ್ಳೆಯದಾದದ್ದು ಕೆಟ್ಟ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಎಳನೀರು, ಬಾಳೆಹಣ್ಣು ನಮ್ಮ ಮನೆಯವೇ, ರೋಗಿಗೆ ಪ್ರೀತಿಯಿಂದ ಕೊಡುತ್ತೇವೆ. ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಬಹಳ ಕುಂದಿದವರಲ್ಲಿ ಅದು ಹೊರಹೋಗದೆ ಹೃದಯವನ್ನೇ ನಿಲ್ಲಿಸಬಹುದು. ಧಾರೆಹುಳಿ ಹಣ್ಣಂತೂ ಅವರಿಗೆ ವಿಷ. ನೀರನ್ನೂ ವೈದ್ಯರು ಹೇಳಿದ ಅಳತೆಯಲ್ಲೇ ಕುಡಿಯಬೇಕು.

ಮೂತ್ರಪಿಂಡ ಪೂರ್ತಿ ನಿಂತರೆ ಯಂತ್ರದಿಂದ ರಕ್ತ ಸೋಸಬೇಕು, ಅದೇ ಡಯಾಲಿಸಿಸ್. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಬಡವರಿಗೆ ಇದು ಉಚಿತವಾಗಿ ಸಿಗುವಂತೆ ಕೇಂದ್ರ ಸರ್ಕಾರ 2016ರಲ್ಲಿ ಯೋಜನೆ ತಂದಿತು, ತಮಿಳುನಾಡಿನ ಮುಖ್ಯಮಂತ್ರಿಗಳ ವಿಮೆಯಲ್ಲೂ ಸಿಗುತ್ತದೆ. ಚಿಕಿತ್ಸೆ ಉಚಿತವಾದರೂ ದಾರಿ ಉಚಿತವಲ್ಲ. ಬೆಟ್ಟದಿಂದ ಹೋಗಿಬರುವವರಿಗೆ ದಿನವೇ ಮುಗಿಯುತ್ತದೆ, ಜೊತೆಗೆ ಹೋದವರ ಕೂಲಿಯೂ ಹೋಗುತ್ತದೆ. 2022ರ ಫೆಬ್ರವರಿಯಿಂದ ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಹೊತ್ತು ನೋಡಿಕೊಂಡೇ ಹೊರಡಬೇಕು, ಆಂಬುಲೆನ್ಸಿಗೆ ಮಾತ್ರ ತಡೆಯಿಲ್ಲ.

ಇಂಥ ಊರುಗಳಿಗೆ ಹೊಟ್ಟೆಯ ಮೂಲಕ ಮಾಡುವ ಇನ್ನೊಂದು ಬಗೆಯ ಡಯಾಲಿಸಿಸ್ ಅನುಕೂಲವಾಗಬಹುದು. ಹೊಟ್ಟೆಗೆ ಒಂದು ಸಣ್ಣ ಕೊಳವೆ ಕೂರಿಸಿ, ಚೀಲದ ದ್ರವವನ್ನು ಒಳಗೆ ಬಿಟ್ಟು ಕೆಲವು ಗಂಟೆಗಳ ಮೇಲೆ ಹೊರತೆಗೆಯುತ್ತಾರೆ. ದಿನಕ್ಕೆ ಮೂರು ನಾಲ್ಕು ಸಲ, ಮನೆಯಲ್ಲೇ. 2021ರ ಆಗಸ್ಟಿನಲ್ಲಿ ಆರಂಭವಾದ ಮನೆಬಾಗಿಲಿಗೆ ವೈದ್ಯಸೇವೆಯ ಯೋಜನೆಯಲ್ಲಿ ತಮಿಳುನಾಡು ಸರ್ಕಾರ ಈ ಚೀಲಗಳನ್ನು ರೋಗಿಗಳ ಮನೆಗೇ ತಲುಪಿಸುವ ಏರ್ಪಾಡು ಮಾಡಿತು. ಎಲ್ಲರಿಗೂ ಇದು ಹೊಂದುವುದಿಲ್ಲ, ವೈದ್ಯರೇ ನೋಡಿ ಹೇಳಬೇಕು. ಕೇಳುವಾಗ ಮನೆಯ ಸ್ಥಿತಿಯನ್ನೂ ಮುಚ್ಚಿಡದೆ ಹೇಳಿ. ಕೈ ತೊಳೆಯಲು ಸೋಪು ಮತ್ತು ಹರಿಯುವ ನೀರು, ದನಕರು ಕೋಳಿ ಬಾರದ, ಒಲೆಯ ಹೊಗೆ ತಾಕದ ಒಂದು ಸಣ್ಣ ಕೋಣೆ, ಪ್ರತಿ ಸಲವೂ ತಪ್ಪದೆ ಕೈ ತೊಳೆದು ಚೀಲ ಬದಲಾಯಿಸಲು ಕಲಿತ ಒಬ್ಬರು ಮನೆಯಲ್ಲಿರಬೇಕು.